ಊರಿನ ನೋಟ ಚಿತ್ರದಲ್ಲಿ ಏಕೆ ಮಂಕಾಗುತ್ತದೆ?

ಮೇ ತಿಂಗಳಲ್ಲಿ ಮಕ್ಕಳಿಗೆ ರಜೆ ಬಂತೆಂದರೆ ಮುಂಬಯಿಯ ಕನ್ನಡಿಗರಲ್ಲಿ ಬಹುಮಂದಿ ಊರಿನ ಹಾದಿ ಹಿಡಿಯುತ್ತಾರೆ. ಹಿಂತಿರುಗುವಾಗ ಹಲಸಿನ ಹಪ್ಪಳ, ಮಿಡಿ ಉಪ್ಪಿನಕಾಯಿಗಳ ಜೊತೆಗೆ ನೂರಾರು ಛಾಯಾಚಿತ್ರಗಳೂ ಬರುತ್ತವೆ. ಮನೆಮಂದಿಯ ಚಿತ್ರಗಳೇನೋ ಸೊಗಸಾಗಿಯೇ ಇರುತ್ತವೆ. ಆದರೆ ಗದ್ದೆ, ಗುಡ್ಡ, ಹೊಳೆಯ ದಂಡೆಗಳ ಚಿತ್ರಗಳಲ್ಲಿ, ಕಣ್ಣು ಕಂಡ ಚೆಲುವಿನ ಕಾಲುಭಾಗವೂ ಉಳಿದಿರುವುದಿಲ್ಲ. ಇದರ ದೋಷವನ್ನು ಸಾಮಾನ್ಯವಾಗಿ ಕ್ಯಾಮೆರಾದ ತಲೆಗೆ ಕಟ್ಟಲಾಗುತ್ತದೆ. ಮರುವರ್ಷ ಇನ್ನೂ ಬೆಲೆಬಾಳುವ ಯಂತ್ರವೊಂದು ಮನೆಗೆ ಬರುತ್ತದೆ. ಹೊಸಬರು ಮೊದಲು ನೋಡಬೇಕಾದದ್ದು ಗಡಿಯಾರವನ್ನು.

ಉಷ್ಣವಲಯದಲ್ಲಿ ಸೂರ್ಯನು ವರ್ಷಕ್ಕೆ ಎರಡು ಬಾರಿ ನಡುಹಗಲಲ್ಲಿ ನೆತ್ತಿಯ ನೇರಕ್ಕೆ ಬರುತ್ತಾನೆ. ಮಂಗಳೂರು, ಉಡುಪಿಗಳಲ್ಲಿ ಇದು ಮೊದಲು ಸಂಭವಿಸುವುದು ಏಪ್ರಿಲ್ ಕೊನೆಯ ವಾರದಲ್ಲಿ. ಮುಂಬಯಿಯಲ್ಲಿ ಮೇ ಮಧ್ಯಭಾಗದಲ್ಲಿ. ಎರಡನೆಯದು ಮಳೆಗಾಲದ ಮೋಡಗಳ ಮರೆಯಲ್ಲಿ ನಮಗರಿವಿಲ್ಲದೆಯೇ ಕಳೆದುಹೋಗುತ್ತದೆ. ಅಂದರೆ ನಾವು ಊರಿಗೆ ಹೋಗುವ ಕಾಲದಲ್ಲೇ ಮಧ್ಯಾಹ್ನದ ನೆರಳು ಕಾಲಡಿಗೆ ಸೇರಿಬಿಟ್ಟಿರುತ್ತದೆ. ನಮ್ಮ ಎರಡು ಕಣ್ಣುಗಳು ದೂರ ಸಮೀಪಗಳನ್ನು ಅಳೆಯಬಲ್ಲವು. ಚಪ್ಪಟೆಯಾದ ಚಿತ್ರಕ್ಕೆ ಆ ಅನುಕೂಲವಿಲ್ಲ. ಅಲ್ಲಿ ಗುಡ್ಡದ ಉಬ್ಬು, ಗದ್ದೆಯ ಅಂಚು, ಬಂಡೆಯ ಒರಟುತನ ಇವನ್ನೆಲ್ಲ ಹೇಳಬೇಕಾದದ್ದು ನೆರಳು. ನೆರಳು ಹೋಯಿತೆಂದರೆ ಗುಡ್ಡವೂ ಹೋಯಿತು, ಹಸಿರು ಬಣ್ಣದ ಒಂದು ಪಟ್ಟಿ ಮಾತ್ರ ಉಳಿಯಿತು.

ಬೆಳಗ್ಗೆ ಮತ್ತು ಸಂಜೆ ಬಿಸಿಲು ಓರೆಯಾಗಿ ಬೀಳುತ್ತದೆ. ಆಗ ಬೆಳಕು ವಾಯುಮಂಡಲದಲ್ಲಿ ಹೆಚ್ಚು ದೂರ ಸಾಗಿ ಬರಬೇಕಾಗುವುದರಿಂದ ಅದರ ನೀಲಿ ಅಂಶ ದಾರಿಯಲ್ಲೇ ಚದುರಿ, ಕೆಂಪು ಹಳದಿಗಳು ನಮ್ಮನ್ನು ತಲುಪುತ್ತವೆ. ಇಂಗ್ಲೆಂಡಿನ ಗ್ರಂಥಗಳು ಈ ಹೊನ್ನಿನ ಬೆಳಕನ್ನು ಧಾರಾಳವಾಗಿ ಒಂದು ಗಂಟೆಯೆಂದು ವರ್ಣಿಸುವುದುಂಟು. ಅಲ್ಲಿ ಸೂರ್ಯ ಓರೆಯಾಗಿ, ನಿಧಾನವಾಗಿ ಮುಳುಗುತ್ತಾನೆ. ನಮ್ಮಲ್ಲಿ ಬಹುಮಟ್ಟಿಗೆ ನೇರವಾಗಿ ಇಳಿಯುತ್ತಾನೆ. ನಮ್ಮ ಪಾಲಿಗೆ ದೊರೆಯುವುದು ಸುಮಾರು ಅರ್ಧ ಗಂಟೆ. ಆದುದರಿಂದ ಸೂರ್ಯೋದಯಕ್ಕೆ ಇಪ್ಪತ್ತು ನಿಮಿಷ ಮುಂಚೆಯೇ ಸ್ಥಳದಲ್ಲಿರಬೇಕು. ಕಾಫಿ ಕುಡಿದು ಸಾವಕಾಶವಾಗಿ ಹೊರಟವರಿಗೆ ಸಿಗುವುದು ಬಿಸಿಲು ಮಾತ್ರ.

ಈ ಅರ್ಧ ಗಂಟೆಯನ್ನು ಬಳಸುವ ಅಭ್ಯಾಸ ಊರಿನ ಹತ್ತು ದಿನಗಳಲ್ಲಿ ಬರುವಂಥದಲ್ಲ. ಅದನ್ನು ನಾವಿರುವ ನಗರದಲ್ಲೇ ಮಾಡಬೇಕು. ಪೊವಾಯಿ ಕೆರೆಯೋ, ಜುಹೂ ಕಡಲತೀರವೋ, ಬೊರಿವಲಿಯ ರಾಷ್ಟ್ರೀಯ ಉದ್ಯಾನವೋ, ಮನೆಗೆ ಹತ್ತಿರದ ಒಂದೇ ಸ್ಥಳವನ್ನು ಆಯ್ದುಕೊಂಡು ಹತ್ತು ಮುಂಜಾವು ಅಲ್ಲಿಗೇ ಹೋಗಿರಿ. ಹತ್ತು ಸ್ಥಳಗಳಿಗೆ ಒಂದೊಂದು ದಿನ ಹೋಗುವುದಕ್ಕಿಂತ ಇದು ಹೆಚ್ಚು ಕಲಿಸುತ್ತದೆಂದು ನನ್ನ ಖಚಿತ ಅಭಿಪ್ರಾಯ. ವೈದ್ಯರು ಹೇಳುವ ಮುಂಜಾನೆಯ ನಡಿಗೆಯೂ ಇದರಲ್ಲೇ ಸಂದುಹೋಗುತ್ತದೆ. ಅಮೆರಿಕದ ಆನ್ಸೆಲ್ ಆಡಮ್ಸ್ ಯೊಸೆಮಿಟಿ ಕಣಿವೆಗೆ ಮೊದಲು ಹೋದದ್ದು ೧೯೧೬ರಲ್ಲಿ, ಹದಿನಾಲ್ಕರ ಹುಡುಗನಾಗಿ, ಸರಳವಾದ ಪೆಟ್ಟಿಗೆ ಕ್ಯಾಮೆರಾದೊಡನೆ. ಮುಂದೆ ಮತ್ತೆ ಮತ್ತೆ ಅಲ್ಲಿಗೇ ಮರಳಿದರು. ೧೯೨೭ರಲ್ಲಿ ಅಲ್ಲಿನ ಹಾಫ್ ಡೋಮ್ ಬಂಡೆಯ ಚಿತ್ರವನ್ನು ಹಳದಿ ಶೋಧಕದಿಂದ ತೆಗೆದಾಗ ಆಕಾಶ ಸಪ್ಪೆಯಾದೀತೆಂದು ತೋರಿ, ಉಳಿದಿದ್ದ ಕೊನೆಯ ಗಾಜಿನ ಫಲಕದಲ್ಲಿ ಕೆಂಪು ಶೋಧಕ ಹಾಕಿ ಇನ್ನೊಂದು ತೆಗೆದರು. ಆಕಾಶ ಕಪ್ಪಾಗಿ ಬಂಡೆ ಎದ್ದುನಿಂತಿತು. ಅವರಿಗೆ ಹೆಸರು ತಂದ ಚಿತ್ರಗಳಲ್ಲಿ ಇದು ಮೊದಮೊದಲಿನದು.

ಸಲಕರಣೆಯ ವಿಷಯ ಬೇಗ ಮುಗಿಯುತ್ತದೆ. ಕೈಯಲ್ಲಿರುವ ಮೊಬೈಲೇ ಆರಂಭಕ್ಕೆ ಸಾಕು. ಕ್ಯಾಮೆರಾ ಇದ್ದವರು ಐಎಸ್‌ಒ ೧೦೦, ದ್ವಾರ ಎಫ್ ೮ ಅಥವಾ ೧೧ ಎಂದಿಟ್ಟು, ಮುಕ್ಕಾಲಿಯ ಮೇಲೆ ನಿಲ್ಲಿಸಿ, ಎರಡು ಸೆಕೆಂಡುಗಳ ತಡಗುಂಡಿ ಬಳಸಿದರೆ ಹತ್ತಿರದ ಹುಲ್ಲಿನಿಂದ ದೂರದ ಬೆಟ್ಟದವರೆಗೆ ಬಹುತೇಕ ಸ್ಪಷ್ಟವಾಗಿರುತ್ತದೆ. ಆಕಾಶ ಬೆಳ್ಳಗೆ ಸುಟ್ಟುಹೋಗುವಂತಿದ್ದರೆ ಬೆಳಕಿನ ಪ್ರಮಾಣವನ್ನು ಒಂದು ಮೆಟ್ಟಿಲು ಇಳಿಸಿರಿ. ನೆರಳಿನಲ್ಲಿ ಮುಳುಗಿದ ವಿವರವನ್ನು ಬಹುಮಟ್ಟಿಗೆ ಆಮೇಲೆ ಮೇಲೆತ್ತಬಹುದು; ಸುಟ್ಟದ್ದನ್ನು ತರಲಾಗದು.

ಮೊಬೈಲಿನ ಮಸೂರ ಅಗಲವಾದ ನೋಟದ್ದು. ಅದು ದೂರದ ಘಟ್ಟವನ್ನು ಕುಗ್ಗಿಸಿ ಬೆರಳೆತ್ತರ ಮಾಡಿಬಿಡುತ್ತದೆ. ಕಣ್ಣು ಬೆಟ್ಟವನ್ನಷ್ಟೇ ಆರಿಸಿಕೊಂಡು ನೋಡಿರುತ್ತದೆ. ಯಂತ್ರಕ್ಕೆ ಆ ಪಕ್ಷಪಾತವಿಲ್ಲ. ಹೀಗಾಗಿ ಮುಂಭಾಗದಲ್ಲಿ ಏನಾದರೊಂದು ಬೇಕು: ಒಂದು ಬೇಲಿ, ದೋಣಿ, ಬಾಗಿದ ತೆಂಗು. ಅದಕ್ಕಾಗಿ ನಾಲ್ಕು ಹೆಜ್ಜೆ ನಡೆಯಬೇಕು, ಕೆಲವೊಮ್ಮೆ ಮಂಡಿಯೂರಬೇಕು. ಘಟ್ಟ ಬೇಸಿಗೆಯಲ್ಲಿ ಮಾಸಲು ನೀಲಿಯಾಗಿ ಕಾಣುವುದು ತೇವ, ಧೂಳುಗಳಿಂದ. ಒಂದು ಮಳೆ ಬಿದ್ದ ಮರುದಿನ ಬೆಳಗ್ಗೆ ಅದೇ ಘಟ್ಟದ ಮಡಿಕೆಗಳನ್ನು ಎಣಿಸಬಹುದು.

ಎರಡು ಎಚ್ಚರಿಕೆಗಳು. ಕ್ಯಾಮೆರಾದ ಗಾಜಿನ ಕಿಂಡಿಯ ಮೂಲಕ, ವಿಶೇಷವಾಗಿ ದೂರದರ್ಶಕ ಮಸೂರವಿದ್ದಾಗ, ಸೂರ್ಯನನ್ನು ನೇರವಾಗಿ ನೋಡಬಾರದು. ಅಕ್ಷಿಪಟಲಕ್ಕೆ ಶಾಶ್ವತ ಹಾನಿಯಾಗಬಹುದು, ನೋವು ಕೂಡ ತಿಳಿಯದು. ಕಡಲ ಬಂಡೆಗಳ ಮೇಲೆ ನೀರಿಗೆ ಬೆನ್ನು ಹಾಕಿ ನಿಲ್ಲಬಾರದು. ೨೦೧೬ರ ಜನವರಿಯಲ್ಲಿ ಬಾಂದ್ರಾದಲ್ಲಿ ತನ್ನದೇ ಚಿತ್ರ ತೆಗೆದುಕೊಳ್ಳುತ್ತಿದ್ದ ಯುವತಿಯೊಬ್ಬಳು ಕಡಲಪಾಲಾದಳು. ಪೊಲೀಸರು ನಗರದ ಹಲವು ಅಪಾಯದ ತಾಣಗಳಲ್ಲಿ ಅದನ್ನು ನಿಷೇಧಿಸಿದರು.

ಇಷ್ಟು ಅಭ್ಯಾಸವಾದ ಮೇಲೆ ಊರಿಗೆ ಹೋದಾಗ ಪ್ರೇಕ್ಷಣೀಯ ಸ್ಥಳಗಳನ್ನು ಹುಡುಕುವ ಅಗತ್ಯವಿಲ್ಲ. ಮನೆಯ ಮುಂದಿನ ಬೈಲನ್ನೇ ತೆಗೆಯಿರಿ. ಬೈಲಗದ್ದೆಗಳು ಮಣ್ಣು ತುಂಬಿ ನಿವೇಶನಗಳಾಗುತ್ತಿವೆ, ಇಲ್ಲವೆ ಅಡಿಕೆ ತೋಟಗಳಾಗುತ್ತಿವೆ. ರಸ್ತೆ ಅಗಲವಾದಲ್ಲಿ ಸಾಲುಮರಗಳು ಹೋಗಿವೆ. ನಾವು ಅಜ್ಜಿಮನೆಯೆಂದು ಬಣ್ಣಿಸುವ ನೋಟವನ್ನು ಮುಂಬಯಿಯಲ್ಲಿ ಹುಟ್ಟಿದ ಮಕ್ಕಳು ಚಿತ್ರದಲ್ಲಲ್ಲದೆ ಬೇರೆಲ್ಲೂ ಕಾಣಲಾರದ ದಿನ ದೂರವಿಲ್ಲ. ಪ್ರತಿವರ್ಷ ಅದೇ ತುಳಸಿಕಟ್ಟೆಯ ಬಳಿ, ಅದೇ ದಿಕ್ಕಿಗೆ, ಬೆಳಗಿನ ಅದೇ ಹೊತ್ತಿಗೆ ನಿಂತು ಒಂದು ಚಿತ್ರ ತೆಗೆಯಿರಿ. ಅದನ್ನು ಕಾಗದದ ಮೇಲೆ ಮುದ್ರಿಸಿ, ಹಿಂಬದಿಯಲ್ಲಿ ದಿನಾಂಕ, ಹೊತ್ತು, ನಿಂತ ಜಾಗ, ಕಾಣುವ ಗದ್ದೆಯ ಹೆಸರು ಇಷ್ಟನ್ನು ಪೆನ್ಸಿಲಿನಲ್ಲಿ ಬರೆದಿಡಿರಿ. ಗದ್ದೆಗಳ ಹೆಸರು ತಿಳಿದ ಹಿರಿಯರು ಮನೆಯಲ್ಲಿದ್ದರೆ ಈ ಸಲವೇ ಕೇಳಿಕೊಳ್ಳಿರಿ.