ಜಪಾನೀ ವ್ಯಾಕರಣ: ಆಕರಗ್ರಂಥಗಳ ಆಯ್ಕೆ

ಪರಭಾಷೆಯೊಂದನ್ನು ಕಲಿಯಹೊರಟವರಿಗೆ ಮೊದಲನೆಯ ತೊಡಕು ಪುಸ್ತಕದಂಗಡಿಯಲ್ಲಿಯೇ ಎದುರಾಗುತ್ತದೆ. ಜಪಾನೀ ಭಾಷೆಯ ವಿಷಯದಲ್ಲಂತೂ ಈ ತೊಡಕು ದೊಡ್ಡದು. ಒಂದು ಕಪಾಟಿನ ತುಂಬ ಪುಸ್ತಕಗಳು; ಪ್ರತಿಯೊಂದೂ ತಾನೇ ಸಾಕೆಂದು ಸಾರುತ್ತಿರುತ್ತದೆ. ಜೀವಮಾನವೆಲ್ಲ ಕನ್ನಡವನ್ನು ಪಾಠ ಹೇಳಿ, ನಿವೃತ್ತಿಯ ಬಳಿಕ ಜಪಾನೀ ವ್ಯಾಕರಣದ ಬೆನ್ನು ಹತ್ತಿದ ನನ್ನನ್ನು ತರುಣ ಮಿತ್ರರು ಮತ್ತೆ ಮತ್ತೆ ಕೇಳುವ ಪ್ರಶ್ನೆ ಒಂದೇ: “ಯಾವ ಪುಸ್ತಕ ಕೊಳ್ಳಲಿ, ಮೇಷ್ಟ್ರೇ?” ಆ ಪ್ರಶ್ನೆಗೆ ಈ ಭಾಷಣದಲ್ಲಿ ನನಗೆ ತಿಳಿದಷ್ಟು ಉತ್ತರ ಕೊಡುತ್ತೇನೆ.

ಕೇಳುವವರೆಲ್ಲ ಹವ್ಯಾಸಕ್ಕಾಗಿ ಕೇಳುವವರಲ್ಲ. ನಿರ್ದಿಷ್ಟ ಕೌಶಲವುಳ್ಳ ವಿದೇಶೀ ಕೆಲಸಗಾರರಿಗೆಂದು ಜಪಾನ್ ಸರ್ಕಾರ 2019ರಲ್ಲಿ ಹೊಸ ವೀಸಾ ವ್ಯವಸ್ಥೆಯನ್ನು ತಂದಿತು. 2021ರಲ್ಲಿ ಭಾರತವೂ ಈ ಕುರಿತು ಒಪ್ಪಂದಕ್ಕೆ ಸಹಿ ಹಾಕಿತು. ವೃದ್ಧರ ಶುಶ್ರೂಷೆಯೂ ಆ ಕೆಲಸಗಳಲ್ಲಿ ಒಂದು. ಅಂಥ ಕೆಲಸಕ್ಕೆ ಹೋದ ನಮ್ಮ ಹುಡುಗಿಯೊಬ್ಬಳಿಗೆ ಯಾರೋ ಓಡಿ ಬಂದು, ಅಜ್ಜ ‘ತವೊರೆತೆ ಇರು’ ಎಂದರೆನ್ನಿ. ‘ಬೀಳುತ್ತಿದ್ದಾರೆ’ ಎಂದು ಅವಳು ತಿಳಿದರೆ ಅರ್ಥ ಕೆಟ್ಟಿತು. ಅಜ್ಜ ಆಗಲೇ ಕುಸಿದು ಬಿದ್ದಿದ್ದಾರೆ. ಈ ವ್ಯತ್ಯಾಸವನ್ನು ಪುಸ್ತಕ ಹೇಳಿಕೊಟ್ಟಿದೆಯೋ ಇಲ್ಲವೋ ಎಂಬುದು ಆಗ ಬರಿಯ ಪಾಂಡಿತ್ಯದ ಮಾತಾಗಿ ಉಳಿಯುವುದಿಲ್ಲ.

ಮೊದಲು ಪುಸ್ತಕಗಳ ಜಾತಿಯನ್ನು ಬೇರ್ಪಡಿಸಿಕೊಳ್ಳಬೇಕು. 1998ರ ‘ಮಿನ್ನ ನೊ ನಿಹೊಂಗೊ’, 1999ರ ‘ಗೆಂಕಿ’ ಮೊದಲಾದವು ಪಠ್ಯಪುಸ್ತಕಗಳು. ಅವು ಪಾಠದಿಂದ ಪಾಠಕ್ಕೆ ಕೈಹಿಡಿದು ನಡೆಸುತ್ತವೆ. ಒಂದು ಪ್ರತ್ಯಯದ ಒಂದು ಅರ್ಥವನ್ನು ಮೂರನೆಯ ಪಾಠದಲ್ಲಿ ಹೇಳಿ, ಇನ್ನೊಂದನ್ನು ಇಪ್ಪತ್ತನೆಯದಕ್ಕೆ ಉಳಿಸಿಕೊಳ್ಳುತ್ತವೆ. ಬೋಧನೆಗೆ ಇದು ಸರಿಯಾದ ಕ್ರಮ. ಆದರೆ ಓದುವಾಗ ಸಂಶಯ ಹುಟ್ಟಿದರೆ ಅದರಲ್ಲಿ ಹುಡುಕುವುದು ಕಷ್ಟ. ಪರೀಕ್ಷೆಯ ಕೈಪಿಡಿಗಳು ಇನ್ನೊಂದು ಜಾತಿ. ಜಪಾನೀ ಭಾಷಾ ಸಾಮರ್ಥ್ಯ ಪರೀಕ್ಷೆ 1984ರಲ್ಲಿ ನಾಲ್ಕು ಹಂತಗಳಲ್ಲಿ ಆರಂಭವಾಯಿತು. 2010ರಿಂದ ಅದಕ್ಕೆ ಐದು ಹಂತಗಳು. ಹಂತಕ್ಕೆ ಇಷ್ಟೆಂದು ವಾಕ್ಯಮಾದರಿಗಳನ್ನು ಪಟ್ಟಿ ಮಾಡುವ ಆ ಕೈಪಿಡಿಗಳು ಪರೀಕ್ಷೆಗೆ ಒದಗುತ್ತವೆ. ಪಟ್ಟಿಯನ್ನೇ ವ್ಯಾಕರಣವೆಂದು ಭ್ರಮಿಸಬಾರದು, ಅಷ್ಟೆ. ಮೂರನೆಯ ಜಾತಿಯೇ ಆಕರಗ್ರಂಥ: ಬೇಕೆಂದಾಗ ತೆರೆದು, ಬೇಕಾದುದನ್ನು ನೋಡಿ, ಮುಚ್ಚಿಡುವಂಥದು.

ಈ ಜಾತಿಯಲ್ಲಿ ನಾನು ಮೊದಲು ಹೆಸರಿಸುವುದು ಸೇಯಿಚಿ ಮಕಿನೊ ಮತ್ತು ಮಿಚಿಯೊ ತ್ಸುತ್ಸುಯಿ ಅವರು ರಚಿಸಿದ ‘ಎ ಡಿಕ್ಷನರಿ ಆಫ್ ಬೇಸಿಕ್ ಜಪಾನೀಸ್ ಗ್ರಾಮರ್’. ಇದು 1986ರಲ್ಲಿ ಪ್ರಕಟವಾಯಿತು. ಮಧ್ಯಮ ಹಂತದ ಸಂಪುಟ 1995ರಲ್ಲಿ, ಪ್ರೌಢ ಹಂತದ್ದು 2008ರಲ್ಲಿ ಹೊರಬಂದವು. ನಿಘಂಟಿನಂತೆ ಅಕ್ಷರಾನುಕ್ರಮದಲ್ಲಿ ಒಂದೊಂದು ಪ್ರತ್ಯಯವನ್ನೂ ಪದವನ್ನೂ ಎತ್ತಿಕೊಂಡು, ಮುಖ್ಯ ವಾಕ್ಯ, ರಚನೆಯ ಕ್ರಮ, ಉದಾಹರಣೆಗಳು, ಟಿಪ್ಪಣಿ, ಅದಕ್ಕೆ ಹತ್ತಿರವಾದ ಬೇರೆ ಪ್ರಯೋಗಗಳು — ಹೀಗೆ ವಿವರಿಸುತ್ತದೆ. ಇದರ ದೊಡ್ಡ ಗುಣ, ತಪ್ಪು ವಾಕ್ಯಗಳನ್ನೂ ನಕ್ಷತ್ರಚಿಹ್ನೆಯೊಡನೆ ಕೊಟ್ಟು ಅವು ಏಕೆ ಸಲ್ಲವೆಂದು ಹೇಳುವುದು. ಕಲಿಯುವವನಿಗೆ ಸರಿ ಯಾವುದೆಂದು ಹೇಳಿದರೆ ಅರ್ಧ ಜ್ಞಾನ. ಯಾವುದು ಸಲ್ಲದು ಎಂದು ತಿಳಿದಾಗ ಉಳಿದ ಅರ್ಧ.

ಸ್ವಲ್ಪ ಮುಂದುವರಿದವರಿಗೆ 1998ರಲ್ಲಿ ಪ್ರಕಟವಾದ ‘ನಿಹೊಂಗೊ ಬುಂಕೇ ಜಿತೆನ್’, ಎಂದರೆ ವಾಕ್ಯಮಾದರಿಗಳ ಕೋಶ, ಉಪಯುಕ್ತ. ಇದನ್ನು ಜಪಾನೀ ಭಾಷೆಯಲ್ಲಿಯೇ ಬರೆಯಲಾಗಿದೆ. ಭಾಷೆಯ ಒಳಗಿನ ಮರ್ಮವನ್ನು ಶಾಸ್ತ್ರೀಯವಾಗಿ ಅರಿಯಬೇಕೆನ್ನುವವರಿಗೆ ಎರಡು ಹಿರಿಯ ಗ್ರಂಥಗಳಿವೆ: 1973ರಲ್ಲಿ ಪ್ರಕಟವಾದ ಸುಸುಮು ಕುನೊ ಅವರ ‘ದಿ ಸ್ಟ್ರಕ್ಚರ್ ಆಫ್ ದಿ ಜಪಾನೀಸ್ ಲ್ಯಾಂಗ್ವೇಜ್’ ಮತ್ತು 1975ರಲ್ಲಿ ಬಂದ ಸ್ಯಾಮ್ಯುಯೆಲ್ ಮಾರ್ಟಿನ್ ಅವರ ‘ಎ ರೆಫರೆನ್ಸ್ ಗ್ರಾಮರ್ ಆಫ್ ಜಪಾನೀಸ್’. ಮಾರ್ಟಿನ್ ಅವರದು ಸಾವಿರ ಪುಟಗಳನ್ನು ಮೀರಿದ ಮಹಾಗ್ರಂಥ. ಉದಾಹರಣೆಗಳೆಲ್ಲ ರೋಮನ್ ಲಿಪಿಯಲ್ಲಿವೆ. ಹೊಸಬರು ಅದನ್ನು ಕೊಳ್ಳುವುದು, ಈಜು ಕಲಿಯಲು ಸಮುದ್ರಕ್ಕೆ ಇಳಿದಂತೆ. ಇನ್ನು ಪ್ರಾಚೀನ ಜಪಾನೀ ಕಾವ್ಯದಲ್ಲಿ ಆಸಕ್ತಿಯಿರುವವರು ಇವುಗಳಲ್ಲಿ ಯಾವುದನ್ನೂ ನಂಬಿ ಕೂಡಬಾರದು. ಹೊಸಗನ್ನಡದ ವ್ಯಾಕರಣ ಹಿಡಿದು ಪಂಪನನ್ನು ಓದಲಾದೀತೆ? ಅವರಿಗೆ ಹರುವೊ ಶಿರಾನೆ ಅವರು 2005ರಲ್ಲಿ ಪ್ರಕಟಿಸಿದ ಪ್ರಾಚೀನ ಜಪಾನೀ ವ್ಯಾಕರಣವಿದೆ.

ಇಷ್ಟು ಹೆಸರುಗಳನ್ನು ಯಾವ ಪಟ್ಟಿಯಲ್ಲಿಯಾದರೂ ಕಾಣಬಹುದು. ನಾನು ಮುಖ್ಯವಾಗಿ ಹೇಳಬೇಕೆಂದಿರುವ ಮಾತು ಬೇರೆ. ಇವುಗಳಲ್ಲಿ ನಮ್ಮ ಕೈಗೆ ಸಿಗುವ ಹೆಚ್ಚಿನವು ಇಂಗ್ಲಿಷ್ ಮಾತನಾಡುವವರಿಗಾಗಿ ಬರೆದವು. ಇಂಗ್ಲಿಷಿನವರಿಗೆ ಯಾವುದು ವಿಚಿತ್ರವೋ ಅದಕ್ಕೆ ಅವು ಹತ್ತು ಪುಟ ಕೊಡುತ್ತವೆ. ಯಾವುದು ಸಹಜವೋ ಅದನ್ನು ಒಂದು ಸಾಲಿನಲ್ಲಿ ದಾಟಿಬಿಡುತ್ತವೆ. ಕನ್ನಡಿಗರ ಕಷ್ಟಸುಖಗಳು ಬೇರೆ. ವ್ಯಾಕರಣದ ಚರಿತ್ರೆಯಲ್ಲಿ ಇದು ಹೊಸದೇನೂ ಅಲ್ಲ. ಪೋರ್ಚುಗೀಸ್ ಪಾದ್ರಿ ಜೊಆವೊ ರೊಡ್ರಿಗೆಸ್ 1604ರಿಂದ 1608ರವರೆಗೆ ನಾಗಾಸಾಕಿಯಲ್ಲಿ ಅಚ್ಚು ಹಾಕಿಸಿದ ಮೊದಲ ದೊಡ್ಡ ಜಪಾನೀ ವ್ಯಾಕರಣ ಲ್ಯಾಟಿನ್ನಿನ ಎರಕದಲ್ಲಿ ಹೊಯ್ದದ್ದು. ನಮ್ಮ ಕೇಶಿರಾಜನೂ ಹದಿಮೂರನೆಯ ಶತಮಾನದಲ್ಲಿ ಸಂಸ್ಕೃತದ ಚೌಕಟ್ಟನ್ನೇ ಇಟ್ಟುಕೊಂಡು ಕನ್ನಡವನ್ನು ವಿವರಿಸಿದ. ಆದರೆ ಅವನು ಸೂತ್ರಕ್ಕೆ ವೃತ್ತಿಯನ್ನೂ, ವೃತ್ತಿಗೆ ಕವಿಪ್ರಯೋಗಗಳನ್ನೂ ಜೋಡಿಸಿದ. ಆದುದರಿಂದಲೇ ಚೌಕಟ್ಟು ಎರವಲಿನದಾದರೂ ಒಳಗಿನ ಕನ್ನಡ ನಮಗೆ ಕಾಣಿಸುತ್ತದೆ.

ಕನ್ನಡಿಗರಿಗೆ ಯಾವುದು ಸುಲಭವೆಂಬುದನ್ನು ನೋಡೋಣ. ‘ತಬೆತೆ ಮಿರು’ ಎಂಬಲ್ಲಿ ‘ತಬೆತೆ’ ಎಂದರೆ ತಿಂದು, ‘ಮಿರು’ ಎಂದರೆ ನೋಡು. ಒಟ್ಟಿಗೆ, ತಿಂದು ನೋಡು. ‘ಕೈತೆ ಒಕು’ ಎಂದರೆ ಬರೆದಿಡು. ‘ತಬೆತೆ ಶಿಮೌ’ ಎಂದರೆ ತಿಂದುಬಿಡು. ಇಂಗ್ಲಿಷ್ ವಿವರಣೆಯಲ್ಲಿ ಪುಟಗಟ್ಟಲೆ ಓದಬೇಕಾದ ಈ ಸಂಯುಕ್ತ ಕ್ರಿಯಾಪದಗಳು ನಮಗೆ ಅಡುಗೆಮನೆಯ ಮಾತಿನಷ್ಟು ಪರಿಚಿತ. ‘ಕಿನೋ ಕತ್ತ ಹೊನ್’ ಎಂಬುದನ್ನು ಪದಕ್ಕೆ ಪದವಿಟ್ಟು ‘ನಿನ್ನೆ ಕೊಂಡ ಪುಸ್ತಕ’ ಎನ್ನಬಹುದು. ‘ದರೆ’ ಎಂದರೆ ಯಾರು. ‘ದರೆ ಕ’ ಯಾರೋ, ನಿಷೇಧದೊಡನೆ ‘ದರೆ ಮೊ’ ಯಾರೂ. ‘ನನಿ’ ಏನು, ‘ನನಿ ಕ’ ಏನೋ, ‘ನನಿ ಮೊ’ ಏನೂ. ನಮ್ಮ ಓಕಾರ ಊಕಾರಗಳು ಮಾಡುವ ಕೆಲಸವನ್ನೇ ಅಲ್ಲಿ ‘ಕ’, ‘ಮೊ’ಗಳು ಮಾಡುತ್ತವೆ.

ಅಕಿರ ಮಿಕಾಮಿ ಎಂಬ ವಿದ್ವಾಂಸರು 1960ರಲ್ಲಿ ‘ಜೋ ವ ಹನ ಗ ನಗೈ’ ಎಂಬ ವಾಕ್ಯವನ್ನೇ ಹೆಸರಾಗಿಟ್ಟು ಒಂದು ಪುಸ್ತಕ ಬರೆದರು. ಈ ವಾಕ್ಯದಲ್ಲಿ ಆನೆ ಕರ್ತೃವೋ ಸೊಂಡಿಲು ಕರ್ತೃವೋ ಎಂಬುದು ಬಹುಕಾಲದ ಚರ್ಚೆ. ಜಪಾನಿಗೆ ಕರ್ತೃವೆಂಬ ಕಲ್ಪನೆಯೇ ಬೇಡವೆಂದು ಅವರು ವಾದಿಸಿದರು. ನಾವಾದರೋ ‘ಆನೆಗೆ ಸೊಂಡಿಲು ಉದ್ದ’ ಎಂದು ಹೇಳಿ ಸುಮ್ಮನಾಗುತ್ತೇವೆ. ‘ನನಗೆ ಭಾಷೆ ಅರ್ಥವಾಗುತ್ತದೆ’ ಎಂಬಂಥ ವಾಕ್ಯಗಳ ನಡುವೆ ಬೆಳೆದವರಿಗೆ ಇದರಲ್ಲಿ ಒಗಟೇನೂ ಕಾಣದು.

ಆದರೆ ಇದೇ ಸಲಿಗೆ ನಮ್ಮನ್ನು ಹಳ್ಳಕ್ಕೂ ಕೆಡವಬಲ್ಲದು. ‘ಆನೆಗೆ’ ಎಂದು ಅನುವಾದಿಸಿದ ಮಾತ್ರಕ್ಕೆ ‘ವ’ ಚತುರ್ಥೀ ವಿಭಕ್ತಿಯಾಗಲಿಲ್ಲ. ಅದು ಮಾತಿನ ವಿಷಯವನ್ನು ಎತ್ತಿ ತೋರುವ ಗುರುತು. ‘ಹೊನ್ ವ ಯೊಂದ’ ಎಂದರೆ ‘ಪುಸ್ತಕವನ್ನಂತೂ ಓದಿದೆ’ ಎಂದಾದೀತು. ಇದನ್ನು ‘ಗ’ದಿಂದ ಬೇರ್ಪಡಿಸಲು ಕುನೊ ಅವರ ಗ್ರಂಥದಂಥದೇ ಬೇಕು. ಜಪಾನಿಯಲ್ಲಿ ‘ಇರು’ ಎಂಬ ಧಾತು ಪ್ರಾಣಿಗಳ ಇರವನ್ನು ಹೇಳುತ್ತದೆಂದು ಕೇಳಿದೊಡನೆ ನಮ್ಮ ಕಿವಿ ನಿಮಿರುತ್ತದೆ. ಆದರೆ ಅದರ ಹಳೆಯ ರೂಪ ವಕಾರದಿಂದ ಆರಂಭವಾಗುವ ‘ವಿರು’. ಜಪಾನಿಗೂ ತಮಿಳಿಗೂ ಬಾಂಧವ್ಯವಿದೆಯೆಂದು ಸುಸುಮು ಓನೊ 1980ರ ಸುಮಾರಿನಿಂದ ಪ್ರತಿಪಾದಿಸಿದ ವಾದವನ್ನೂ ಭಾಷಾವಿಜ್ಞಾನಿಗಳು ಸಾಮಾನ್ಯವಾಗಿ ಒಪ್ಪಿಲ್ಲ. ರಚನೆ ಹೋಲುವುದು ಬೇರೆ, ನೆಂಟಸ್ತಿಕೆ ಬೇರೆ.

ಇನ್ನು ನಮಗೆ ನಿಜವಾಗಿಯೂ ಕಷ್ಟವಾದವು. ಕನ್ನಡದ ಕ್ರಿಯಾಪದ ‘ಬಂದನು, ಬಂದೆನು’ ಎಂದು ಪುರುಷವನ್ನು ತಾನೇ ಹೇಳಿಬಿಡುತ್ತದೆ. ಜಪಾನೀ ಕ್ರಿಯಾಪದಕ್ಕೆ ಆ ಅಂತ್ಯಗಳಿಲ್ಲ. ಆದರೂ ಕರ್ತೃವನ್ನು ಬಿಟ್ಟೇ ಮಾತನಾಡುತ್ತಾರೆ. ಯಾರು ಯಾರಿಗೆ ಎಂಬುದನ್ನು ಬೇರೆ ಸುಳಿವುಗಳಿಂದ ತಿಳಿಯಬೇಕು. ‘ಕುರೆತ’ ಎಂದರೆ ಕೊಟ್ಟದ್ದು ನನಗೆ ಅಥವಾ ನನ್ನವರಿಗೆ. ‘ಅಗೆತ’ ಎಂದರೆ ಕೊಟ್ಟದ್ದು ಇನ್ನೊಬ್ಬರಿಗೆ. ಮಲಯಾಳಿಗಳಿಗೆ ‘ತರುಗ’, ‘ಕೊಡುಕ್ಕುಗ’ ಎಂಬ ಎರಡು ಧಾತುಗಳ ಅಭ್ಯಾಸವಿರುವುದರಿಂದ ಇಂಥ ಭೇದ ಅಪರಿಚಿತವಲ್ಲ. ನಮಗಿರುವುದು ‘ಕೊಡು’ ಒಂದೇ. ಹಾಗೆಯೇ ‘ತಬೆತೆ ಇರು’ ಎಂದರೆ ತಿನ್ನುತ್ತಿದ್ದಾನೆ, ‘ಕಿತೆ ಇರು’ ಎಂದರೆ ಬಂದಿದ್ದಾನೆ. ನಾವು ಎರಡು ರೂಪಗಳಲ್ಲಿ ಹೇಳುವುದನ್ನು ಅವರು ಒಂದರಲ್ಲಿಯೇ ಹೇಳುತ್ತಾರೆ. ಧಾತುವಿನ ಸ್ವಭಾವ ನೋಡಿ ಅರ್ಥಮಾಡಬೇಕು. ಹರುಹಿಕೊ ಕಿಂದಾಯಿಚಿ 1950ರಲ್ಲಿಯೇ ಈ ದೃಷ್ಟಿಯಿಂದ ಧಾತುಗಳನ್ನು ವರ್ಗೀಕರಿಸಿದ್ದರು. ಮೊದಲು ಹೇಳಿದ ‘ತವೊರೆತೆ ಇರು’ ಎಂಬುದು ‘ಬಂದಿದ್ದಾನೆ’ಯ ಜಾತಿಗೆ ಸೇರಿದ್ದು.

ಆದುದರಿಂದ ಅಂಗಡಿಯಲ್ಲಿ ಪುಸ್ತಕವನ್ನು ಕೈಗೆತ್ತಿಕೊಂಡಾಗ ಮೂರು ಪರೀಕ್ಷೆಗಳನ್ನು ಮಾಡಿರಿ. ‘ತೆ ಇರು’ ಇರುವ ಪುಟ ತೆರೆಯಿರಿ: ನಡೆಯುತ್ತಿರುವ ಕ್ರಿಯೆ, ಮುಗಿದು ಉಳಿದ ಸ್ಥಿತಿ ಎರಡನ್ನೂ ಬಿಡಿಸಿ ಹೇಳಿದೆಯೇ? ‘ಅಗೆರು, ಕುರೆರು’ ಇರುವಲ್ಲಿ, ಕರ್ತೃವಿಲ್ಲದ ವಾಕ್ಯಗಳನ್ನು ಕೊಟ್ಟು ಯಾರು ಯಾರಿಗೆಂದು ವಿವರಿಸಿದೆಯೇ? ‘ವ’, ‘ಗ’ಗಳ ಪ್ರಕರಣದಲ್ಲಿ, ಒಂದರ ಬದಲು ಇನ್ನೊಂದನ್ನು ಇಟ್ಟರೆ ಅರ್ಥ ಹೇಗೆ ಮಾರ್ಪಡುತ್ತದೆಂದು ತೋರಿಸಿದೆಯೇ? ಮೂರರಲ್ಲಿಯೂ ಗೆದ್ದ ಪುಸ್ತಕವನ್ನು ಧೈರ್ಯವಾಗಿ ಕೊಳ್ಳಬಹುದು.

ಪರಿಭಾಷೆಯ ಕುರಿತು ಒಂದು ಎಚ್ಚರಿಕೆ. ‘ಶಿಝುಕ’ ಎಂಬ ಪದವನ್ನು ಪಠ್ಯಪುಸ್ತಕಗಳು ‘ನ’ ವಿಶೇಷಣವೆನ್ನುತ್ತವೆ. ಜಪಾನಿನ ಶಾಲಾವ್ಯಾಕರಣ ‘ಕೆಯೋದೋಶಿ’ ಎನ್ನುತ್ತದೆ. ಮಾರ್ಟಿನ್ ಅದನ್ನು ನಾಮಪದಗಳ ಸಾಲಿಗೆ ಸೇರಿಸುತ್ತಾರೆ. ವಸ್ತು ಒಂದೇ, ‘ಶಾಂತವಾದ’ ಎಂಬಲ್ಲಿಯ ‘ಶಾಂತ’ದಂಥದು. ಎರಡು ಪುಸ್ತಕಗಳನ್ನು ಇಟ್ಟುಕೊಂಡವರು ಇಂಥ ಹೆಸರುಗಳ ಕೋಷ್ಟಕವೊಂದನ್ನು ಬರೆದಿಟ್ಟುಕೊಳ್ಳುವುದು ಒಳಿತು. ರೋಮನ್ ಲಿಪಿಯ ಊರುಗೋಲನ್ನೂ ಬೇಗ ಬಿಡಬೇಕು. ಜಪಾನೀ ಕೋಶಗಳ ಅಕ್ಷರಕ್ರಮ ನಮಗೆ ಪರಕೀಯವೇನಲ್ಲ: ಅ, ಇ, ಉ, ಎ, ಒ, ಆಮೇಲೆ ಕ, ಸ, ತ, ನ, ಹ, ಮ, ಯ, ರ, ವ. ಸಂಸ್ಕೃತಾಕ್ಷರಗಳನ್ನು ಅಭ್ಯಾಸ ಮಾಡಿದ ಬೌದ್ಧ ಭಿಕ್ಷುಗಳ ವಿದ್ಯೆಯಿಂದ ಬಂದ ಕ್ರಮವಿದು. ನಮ್ಮ ವರ್ಣಮಾಲೆಯ ಜಾಡು ಅದರಲ್ಲಿ ಸ್ಪಷ್ಟವಾಗಿದೆ.

ಕೊನೆಯದಾಗಿ, ಎಷ್ಟು ಪುಸ್ತಕ ಬೇಕು? ಮೊದಲ ಎರಡು ವರ್ಷಗಳಿಗೆ ಒಂದು ಪಠ್ಯಪುಸ್ತಕ, ಒಂದು ಆಕರಗ್ರಂಥ ಸಾಕು. ಕುನೊ, ಮಾರ್ಟಿನ್ ಅವರನ್ನು ಗ್ರಂಥಾಲಯದಲ್ಲಿ ನೋಡಬಹುದು. ಇವುಗಳ ಜೊತೆಗೆ ದಪ್ಪನೆಯ ನೋಟುಪುಸ್ತಕವೊಂದಿರಲಿ. ಇಂಗ್ಲಿಷಿನಲ್ಲಿ ಓದಿದ ಪ್ರತಿಯೊಂದು ನಿಯಮದ ಕೆಳಗೂ ಅದಕ್ಕೆ ಒಪ್ಪುವ ಕನ್ನಡ ವಾಕ್ಯವನ್ನು ಬರೆಯಿರಿ. ಒಪ್ಪದಿದ್ದರೆ ಎಲ್ಲಿ ಒಪ್ಪಲಿಲ್ಲವೆಂದು ಗುರುತು ಹಾಕಿರಿ. ಹೀಗೆ ಹತ್ತು ಮಂದಿ ಶ್ರದ್ಧೆಯಿಂದ ಬರೆದಿಟ್ಟ ನೋಟುಪುಸ್ತಕಗಳು ಕೂಡಿಬಂದರೆ, ಕನ್ನಡಿಗರಿಗಾಗಿಯೇ ಬರೆದ ವಿಸ್ತಾರವಾದ ಜಪಾನೀ ವ್ಯಾಕರಣಕ್ಕೆ ಬೇಕಾದ ಸಾಮಗ್ರಿ ಸಿದ್ಧವಾಗುತ್ತದೆ. ಶುಶ್ರೂಷೆಗೆಂದು ದೂರದ ದೇಶಕ್ಕೆ ಹೊರಟ ಹುಡುಗಿಗೆ ಆ ಪುಸ್ತಕ ತಾಯ್ನುಡಿಯಲ್ಲಿಯೇ ದಾರಿ ಹೇಳಬಲ್ಲದು.