ತವರಿಗೆ ಹೊರಟ ಮೋಟಾರು

ಧಾರವಾಡದ ಲಕಮನಹಳ್ಳಿಯ ಕೈಗಾರಿಕಾ ಪ್ರದೇಶದಲ್ಲಿ ದುರಸ್ತಿಯಾದ ಗಾಡಿಯನ್ನು ಒಡೆಯನಿಗೆ ಒಪ್ಪಿಸುವ ಮುನ್ನ ಮಿಸ್ತ್ರಿಯು ಅದನ್ನು ಹುಬ್ಬಳ್ಳಿಯ ದಿಕ್ಕಿಗೆ ಒಂದಿಷ್ಟು ದೂರ ಓಡಿಸಿ ನೋಡುವುದುಂಟು. ‘ಟ್ರಯಲ್’ ಎಂದು ಅದಕ್ಕೆ ಹೆಸರು. ಶೆಡ್ಡಿನಲ್ಲಿ ಸಾಧುವಿನಂತೆ ನಿಂತಿದ್ದ ಯಂತ್ರವು ರಸ್ತೆಗಿಳಿದೊಡನೆ ತನ್ನ ಕೊರತೆಗಳನ್ನೆಲ್ಲ ಬಾಯಿಬಿಟ್ಟು ಹೇಳತೊಡಗುತ್ತದೆ. ಮೋಟಾರು ಕಾರಿನ ಚರಿತ್ರೆಯಲ್ಲಿ ಇಂಥ ಮೊತ್ತಮೊದಲ ದೂರದ ‘ಟ್ರಯಲ್’ ನಡೆದುದು 1888ರ ಆಗಸ್ಟ್ ತಿಂಗಳಲ್ಲಿ, ಜರ್ಮನಿಯ ಮಾನ್‌ಹೈಮ್ ನಗರದಿಂದ. ಅದನ್ನು ನಡೆಸಿದವರು ಮಿಸ್ತ್ರಿಗಳಲ್ಲ; 39 ವರ್ಷದ ಗೃಹಿಣಿ ಬೆರ್ತಾ ಬೆಂಜ್ ಮತ್ತು ಆಕೆಯ ಇಬ್ಬರು ಗಂಡುಮಕ್ಕಳು.

ಆಕೆಯ ಪತಿ ಕಾರ್ಲ್ ಬೆಂಜ್ 1886ರ ಜನವರಿ 29ರಂದು ತನ್ನ ಮೂರು ಗಾಲಿಯ ಮೋಟಾರು ಬಂಡಿಗೆ ಪೇಟೆಂಟು ಕೋರಿ ಅರ್ಜಿ ಸಲ್ಲಿಸಿದ್ದನು. ಬಂಡಿಯೇನೋ ಓಡುತ್ತಿತ್ತು, ಕೊಳ್ಳುವವರು ಮಾತ್ರ ವಿರಳವಾಗಿದ್ದರು. ಕುದುರೆಯಿಲ್ಲದ ಗಾಡಿಯನ್ನು ನಂಬಿ ಊರು ಬಿಟ್ಟು ಹೋಗುವ ಧೈರ್ಯ ಯಾರಿಗಿತ್ತು? ಕಾರ್ಲ್ ತಾನೂ ಊರ ಸುತ್ತಮುತ್ತಲೇ ಅದನ್ನು ಓಡಿಸಿ ತಿದ್ದುತ್ತ ಕುಳಿತಿದ್ದನು. ಬೆರ್ತಾಳಿಗೆ ಇದು ಕೇವಲ ಗಂಡನ ಹವ್ಯಾಸವಾಗಿರಲಿಲ್ಲ. ಮದುವೆಗೆ ಮುನ್ನವೇ ಆಕೆಯ ವರದಕ್ಷಿಣೆಯ ಹಣವು ಅವನ ಕಾರ್ಖಾನೆಗೆ ಸೇರಿಹೋಗಿತ್ತು.

ಒಂದು ಮುಂಜಾನೆ ಪತಿಗೆ ಸುಳಿವು ಕೊಡದೆ, 15 ವರ್ಷದ ಓಯ್ಗೆನ್ ಹಾಗೂ 13 ವರ್ಷದ ರಿಚರ್ಡರನ್ನು ಕೂಡಿಕೊಂಡು ಆಕೆ ತವರೂರಾದ ಫೋರ್ಟ್ಸ್‌ಹೈಮಿಗೆ ಹೊರಟುಬಿಟ್ಟಳು. ದಾರಿ ಸುಮಾರು 104 ಕಿಲೋಮೀಟರು. ಹುಬ್ಬಳ್ಳಿ-ಧಾರವಾಡಗಳ ನಡುವೆ ಐದು ಸಲ ಓಡಾಡಿದಷ್ಟು. ಮೋಟಾರಿಗೆಂದು ಮಾಡಿದ ರಸ್ತೆಯಾಗಲಿ, ಪೆಟ್ರೋಲು ಬಂಕಾಗಲಿ ಜಗತ್ತಿನಲ್ಲೆಲ್ಲೂ ಇರದ ಕಾಲವದು.

ಮೊದಲು ಕಾಡಿದ್ದು ನೀರು. ಎಂಜಿನನ್ನು ತಣಿಸುವ ನೀರು ಕಾದು ಆವಿಯಾಗಿ ಹೋಗುವಂತೆಯೇ ಆ ಬಂಡಿಯ ರಚನೆಯಿತ್ತು. ಹೀಗಾಗಿ ಹಳ್ಳ, ಬಾವಿ, ಛತ್ರ ಕಂಡಲ್ಲೆಲ್ಲ ನಿಲ್ಲಿಸಿ ನೀರು ಹೊಯ್ಯಬೇಕಾಯಿತು. ಇಂಧನವೂ ತೀರುತ್ತ ಬಂದಾಗ ವೀಸ್‌ಲೋಖ್ ಎಂಬ ಊರಿನ ಔಷಧದ ಅಂಗಡಿಯಲ್ಲಿ ಲಿಗ್ರೋಯಿನ್ ದೊರೆಯಿತು. ಬಟ್ಟೆಯ ಕಲೆ ತೆಗೆಯಲು ಮಾರುತ್ತಿದ್ದ ದ್ರವವದು! ಆ ಅಂಗಡಿಯನ್ನು ಜಗತ್ತಿನ ಮೊದಲ ಪೆಟ್ರೋಲು ಬಂಕೆಂದು ಈಗಲೂ ಅಭಿಮಾನದಿಂದ ತೋರಿಸುತ್ತಾರೆ.

ಮುಂದಿನ ಕಥೆಯನ್ನು ಬೆಂಜ್ ಮನೆತನದವರು ತಲೆಮಾರಿನಿಂದ ತಲೆಮಾರಿಗೆ ಹೇಳುತ್ತ ಬಂದಿದ್ದಾರೆ. ಇಂಧನದ ಕೊಳವೆಯಲ್ಲಿ ಕಸ ಸಿಕ್ಕಿ ಎಂಜಿನು ನಿಂತಿತು. ಬೆರ್ತಾ ತನ್ನ ಟೊಪ್ಪಿಗೆಯ ಉದ್ದನೆಯ ಸೂಜಿಯನ್ನು ಕಿತ್ತು ಅದನ್ನು ಚೊಕ್ಕಟ ಮಾಡಿದಳು. ಕಿಡಿ ಹೊತ್ತಿಸುವ ತಂತಿಯ ಹೊದಿಕೆ ಸವೆದು ವಿದ್ಯುತ್ತು ಸೋರತೊಡಗಿದಾಗ ಕಾಲುಚೀಲವನ್ನು ಬಿಗಿಯುವ ಪಟ್ಟಿಯನ್ನೇ ಬಿಚ್ಚಿ ಅದಕ್ಕೆ ಸುತ್ತಿದಳು. ಮಾನವಂತ ಮನೆತನದ ಹೆಣ್ಣು ನಡುರಸ್ತೆಯಲ್ಲಿ ಹೀಗೆ ಮಾಡುವುದೆಂದರೆ ಅಂದಿನ ಜರ್ಮನಿಯಲ್ಲಿ ಅದೂ ಒಂದು ಸಾಹಸವೇ ಸರಿ.

ಕೈಗೆ ಸಿಕ್ಕ ವಸ್ತುಗಳಿಂದ ನೀಗದ ದೋಷಗಳೂ ಇದ್ದವು. ಗಾಲಿಗಳನ್ನು ತಿರುಗಿಸುವ ಚೈನು ಎಳೆತಕ್ಕೆ ಹಿಗ್ಗಿ ಜೋಲಾಡತೊಡಗಿತು. ಬ್ರೂಖ್ಸಾಲಿನ ಕಮ್ಮಾರನೊಬ್ಬನು ಅದನ್ನು ಸರಿಪಡಿಸಿಕೊಟ್ಟನು. ಏರುದಾರಿ ಬಂದಾಗ ಎಂಜಿನಿನ ಶಕ್ತಿ ಸಾಲದು. ತಾಯಿ-ಮಕ್ಕಳು ಇಳಿದು ಬಂಡಿಯನ್ನು ನೂಕಬೇಕು. ಇಳಿಜಾರು ಬಂದಿತೆಂದರೆ ಬೇರೆಯೇ ಭಯ. ಮರದ ಬ್ರೇಕುಗಳು ಉಜ್ಜಿ ಉಜ್ಜಿ ಸವೆದುಹೋಗಿದ್ದವು. ಬೌಷ್ಲೋಟ್ ಹಳ್ಳಿಯಲ್ಲಿ ಜೋಡು ಹೊಲಿಯುವವನೊಬ್ಬನಿಂದ ಬ್ರೇಕುಗಳಿಗೆ ತೊಗಲು ಹೊಡೆಸಿಕೊಂಡು ಬೆರ್ತಾ ಮುಂದೆ ಸಾಗಿದಳು. ಬ್ರೇಕಿಗೆ ಹೊದಿಕೆ ಹಾಕುವ ಪದ್ಧತಿಯ ಮೂಲವನ್ನು ಹಲವರು ಇಲ್ಲಿಯೇ ಕಾಣುತ್ತಾರೆ.

ಕತ್ತಲಾಗುವ ಹೊತ್ತಿಗೆ, ಮೈತುಂಬ ಧೂಳು ಮೆತ್ತಿಕೊಂಡು, ಮೂವರೂ ಫೋರ್ಟ್ಸ್‌ಹೈಮನ್ನು ಮುಟ್ಟಿದರು. ಕ್ಷೇಮವಾಗಿ ತಲುಪಿದ ಸಮಾಚಾರವನ್ನು ತಂತಿಯ ಮೂಲಕ ಕಾರ್ಲ್‌ನಿಗೆ ತಿಳಿಸಲಾಯಿತು. ಕೆಲವು ದಿನಗಳ ಬಳಿಕ ಅದೇ ಬಂಡಿಯಲ್ಲಿ, ಬೇರೊಂದು ದಾರಿಯಿಂದ, ಅವರು ಮನೆಗೆ ಮರಳಿದರು.

ಗಂಡನ ಮುಂದೆ ಬೆರ್ತಾ ಇರಿಸಿದ ದೂರುಗಳು ಯಾವ ಮಿಸ್ತ್ರಿಯ ವರದಿಗೂ ಕಡಮೆಯಾಗಿರಲಿಲ್ಲ. ಏರಿನಲ್ಲಿ ಮಕ್ಕಳು ಬಂಡಿಗೆ ಹೆಗಲು ಕೊಡಬೇಕಾಯಿತೆಂಬುದನ್ನು ಕೇಳಿದ ಕಾರ್ಲ್, ಗುಡ್ಡ ಹತ್ತುವುದಕ್ಕೆಂದೇ ಇನ್ನೊಂದು ಗೇರನ್ನು ಅದಕ್ಕೆ ಕೂಡಿಸಿದನು.