ಟರ್ಬೈನ್ ದೋಣಿಯ ಕೂಲರ್: ದರಪತ್ರಕ್ಕೆ ಮುನ್ನ

ಪಂದ್ಯದ ದೋಣಿಗಳಿಗೆ ಚಿನೂಕ್ ಹೆಲಿಕಾಪ್ಟರಿನ ಟಿ-55 ಟರ್ಬೈನ್ ಕೂಡಿಸುವುದು ಅಮೆರಿಕದಲ್ಲಿ ವಾಡಿಕೆ. ಶಿವಾಜಿನಗರದ ಬಿಡಿಭಾಗ ವರ್ತಕರಿಗೆ ಇದು ದೂರದ ಮಾತೆನಿಸಬಹುದು; ಆದರೆ ನಗರದ ಪೂರ್ವಭಾಗದಲ್ಲಿಯೇ ಎಚ್.ಎ.ಎಲ್.ನ ನೌಕಾ ಟರ್ಬೈನ್ ವಿಭಾಗವಿದೆ. 2022ರಲ್ಲಿ ನೌಕಾಪಡೆ ಸೇರಿದ ವಿಕ್ರಾಂತ್‌ನಲ್ಲಿರುವ ಎಲ್.ಎಂ.2500 ಮಾದರಿಯ ಯಂತ್ರಗಳ ದುರಸ್ತಿ ಅಲ್ಲಿನ ಕಾರ್ಯ.

ಟರ್ಬೈನಿಗೆ ಮೋಟಾರು ಎಂಜಿನಿನಂತೆ ಸುತ್ತ ನೀರು ಹರಿಯುವುದಿಲ್ಲ. ಒಳಸೆಳೆದ ಗಾಳಿಯೇ ದಹನಕೋಶವನ್ನು ತಂಪಾಗಿಸುತ್ತದೆ. ಬೇರಿಂಗುಗಳ ಶಾಖವನ್ನು ಹೊತ್ತು ಬರುವ ಎಣ್ಣೆಗೆ ಮಾತ್ರ ಕೂಲರ್ ಬೇಕು. ಅದರಲ್ಲಿ ಕಡಲನೀರು ಹರಿಯುವುದಾದರೆ ಕೊಳವೆಗಳಿಗೆ ತಾಮ್ರ-ನಿಕ್ಕಲ್ ಮಿಶ್ರಲೋಹ ಸೂಕ್ತ. ಸಾದಾ ತಾಮ್ರವು ಬೇಗ ಸವೆದು ತೂತಾದರೆ ಎಣ್ಣೆಗೆ ಉಪ್ಪುನೀರು ಸೇರಿ ಬೇರಿಂಗುಗಳೇ ಕೆಡುತ್ತವೆ.

ನಾನು ಲೆಕ್ಕ ಪರಿಶೋಧಿಸುವ ಉದ್ಯಮಿಯೊಬ್ಬರು ಇಂತಹ ಕೂಲರಿಗೆ ಸಾದಾ ತಾಮ್ರದ ಬೆಲೆ ಹಿಡಿದು ದರ ನಮೂದಿಸಿದರು. ಲಾಭವಂತಿರಲಿ, ಠೇವಣಿಯೂ ಹೋಯಿತು. ಲೋಹದ ಪರೀಕ್ಷಾ ಪ್ರಮಾಣಪತ್ರ ಹಾಗೂ ಒತ್ತಡ ಪರೀಕ್ಷೆಯ ವೆಚ್ಚವನ್ನೂ ದರದಲ್ಲಿಯೇ ಸೇರಿಸತಕ್ಕದ್ದು.